ಳು

ಕಾಸರಗೋಡಿನ ವಾಚನಾಲಯದಲ್ಲಿ ಭಾನುವಾರದ ಪೇಪರು
ನನ್ನ ಕೈಗೆ ಬರುವುದು ಸೋಮವಾರ.
ಇಂಗ್ಲಿಷಿನಲ್ಲಿ ಅರ್ಧ ಪುಟ, ಮಲಯಾಳದಲ್ಲಿ ಎರಡು ಕಾಲಂ,
ಕನ್ನಡದಲ್ಲಿ ಚಿನ್ನದ ದರದ ಕೆಳಗೆ ನಾಲ್ಕು ಸಾಲು:
ಸತ್ತು ಐವತ್ತು ವರ್ಷವಾದ ಆ ಇಂಗ್ಲಿಷ್ ಕಾದಂಬರಿಕಾರನ
ಕೊನೆಯ ಅಧ್ಯಾಯ ಅವನದಲ್ಲವಂತೆ.
ಟೈಪು ಮಾಡುತ್ತಿದ್ದವಳದಂತೆ.

ಯಾರದೋ ಅಟ್ಟ, ಅಲ್ಲೊಂದು ಬಿಸ್ಕತ್ತಿನ ಡಬ್ಬ,
ಅದರೊಳಗೆ ಪೆನ್ಸಿಲಿನಲ್ಲಿ ತಿದ್ದಿದ ಹಾಳೆ.
ಒಬ್ಬ ಪ್ರೊಫೆಸರು ಹೌದೆಂದಿದ್ದಾರೆ, ಇನ್ನೊಬ್ಬರು ಅಲ್ಲವೆಂದಿದ್ದಾರೆ,
ಮೊಮ್ಮಗ ವಕೀಲರನ್ನು ಕೇಳಿ ಹೇಳುತ್ತಾನಂತೆ.
ಫೋಟೋದಲ್ಲಿ ಅವನು, ಅವನ ಪೈಪು, ಅವನ ನಾಯಿ;
ಬಲದ ಅಂಚಿನಲ್ಲಿ ಕತ್ತರಿಸಿ ಉಳಿದ ಒಂದು ಮೊಣಕೈ.
ನಾಯಿಯ ಹೆಸರು ಕೊಟ್ಟಿದ್ದಾರೆ ಅಡಿಯಲ್ಲಿ.

ಆ ಮೊಣಕೈಯನ್ನು ನಾನು ಬಲ್ಲೆ.

ಎಂಬತ್ತಮೂರರಲ್ಲಿ, ಬೇಳದಿಂದ ಮೊದಲ ಬಸ್ಸಿಗೆ ಬಂದು
ಟೈಪಿಂಗ್ ಇನ್‌ಸ್ಟಿಟ್ಯೂಟಿನ ಕಿಟಕಿ ಪಕ್ಕ ಕೂತು
ಬಲ್ಲಾಳ ಮಾಸ್ಟ್ರ ಅನುವಾದವನ್ನು
ಪುಟಕ್ಕೆ ನಲವತ್ತು ಪೈಸೆಯಂತೆ ಬಡಿದವಳು ನಾನು,
ಸೆವ್ರಿನ್ ಕ್ರಾಸ್ತಾ.
ಕನ್ನಡದ್ದು ಒಂದೇ ಯಂತ್ರ.
ಉಳಿದ ಆರು ಮಲಯಾಳ, ಇಂಗ್ಲಿಷು; ಎಲ್ಲರೂ ಒಟ್ಟಿಗೆ ಹೊಡೆದರೆ
ತಗಡಿನ ಮಾಡಿಗೆ ಆಲಿಕಲ್ಲು ಬಿದ್ದ ಹಾಗೆ.

ಅವನ ಕತೆಯಲ್ಲಿ ಪುಟಪುಟಕ್ಕೂ ಹಿಮ.
"ಹಿಮ ಬೇಡ ಮಾಸ್ಟ್ರೇ, ಮಂಜು ಅನ್ನಿ," ಅಂದೆ,
"ನಮ್ಮ ಚಂದ್ರಗಿರಿ ಹೊಳೆ ಮೇಲೂ ಬೀಳುತ್ತದಲ್ಲ."
ನಕ್ಕರು. ಮಂಜು ಅಂತಲೇ ಇಟ್ಟರು.

ಕೊನೆಯಲ್ಲಿ ಅವಳು ಗೇಟಿನವರೆಗೆ ಹೋಗಿ ಮನೆಗೆ ಮರಳಬೇಕಿತ್ತು.
ಮಾಸ್ಟ್ರಿಗೆ ಕಣ್ಣಿನ ಆಪರೇಷನ್; ನಾನು ಕೇಳಲು ಹೋಗಲಿಲ್ಲ.
ಅವಳನ್ನು ರೈಲು ಹತ್ತಿಸಿಬಿಟ್ಟೆ.
ವಾರಪತ್ರಿಕೆಯಲ್ಲಿ ಹಾಗೇ ಬಂತು.
ಪೆರ್ಲದ ಓದುಗರೊಬ್ಬರು ಕಾರ್ಡು ಬರೆದರು:
ಮೂಲ ಲೇಖಕರಿಗೆ ಹೆಂಗಸರ ಮನಸ್ಸು ಎಷ್ಟು ಚೆನ್ನಾಗಿ ಗೊತ್ತು!
ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ ಮಾಸ್ಟ್ರು
ಆ ಕಾರ್ಡನ್ನು ನನ್ನಿಂದ ಎರಡು ಸಲ ಓದಿಸಿದರು.
ಸ್ವಲ್ಪ ಹೊತ್ತು ಸುಮ್ಮನಿದ್ದು,
"ರೈಲು ಎಷ್ಟು ಗಂಟೆಗೆ?" ಅಂದರು.

ಇಷ್ಟಕ್ಕೆ ಯಾವ ಪೇಪರಿನವರೂ ಬರುವುದಿಲ್ಲ.
ಬರಲಿ ಅಂತಲೂ ಅಲ್ಲ.
ಆದರೆ ಆ ಹಾಳೆಗಳು ಎಲ್ಲಾದರೂ ಉಳಿದಿದ್ದು,
ಗೆದ್ದಲು ಬಿಟ್ಟದ್ದನ್ನು ಯಾರಾದರೂ ಬಿಡಿಸಿ ನೋಡಿದರೆ
ಗೊತ್ತಿರಲಿ, ಆ ಯಂತ್ರದಲ್ಲಿ ಳ ಬೀಳುತ್ತಿರಲಿಲ್ಲ.
ಅವನು, ಸಲೀಸು. ಅವರು, ಸಲೀಸು.
ಅವಳಿಗೆ ಮಾತ್ರ
ಅವ ಎಂದು ಬಡಿದು ಜಾಗ ಬಿಟ್ಟು
ಸಂಜೆ ನೀಲಿ ಪೆನ್ನಿನಿಂದ ಒಂದೊಂದೇ
ಳು, ಳು, ಳು,
ಬೇಳದ ಕೊನೆಯ ಬಸ್ಸಿನವನು
ಹಾರ್ನ್ ಹೊಡೆಯುವ ತನಕ.