ಹುಣ್ಣಿಮೆಗೆ ಆದಾಯವಿಲ್ಲ

ಮೊದಲು ನಾವು ಓದಲು ಕಲಿತದ್ದು
ನೀರಿನ ಟ್ಯಾಂಕುಗಳ ಹೊಟ್ಟೆ.
ಪಕ್ಕದ ದಂಡೆಯ ಕಕ್ಕಸಿನ ಬಾಗಿಲು,
ಕ್ಲಿನಿಕ್ಕಿನ ಗೋಡೆಯ ಮೂಲೆ,
ದೋಣಿಯವನ ಹರಿದ ಬನಿಯನ್ನಿನ ಬೆನ್ನು.
ಕೊಟ್ಟವರು ಎಲ್ಲೆಲ್ಲಿ ಹೆಸರು ಬಿಟ್ಟು ಹೋಗಿದ್ದರೋ
ಅಲ್ಲಲ್ಲಿ ನಿಂತು ಪ್ಲಿಸ್ಟರ್ ಅವೂರ್ ಗಟ್ಟಿಯಾಗಿ ಓದಿದಳು,
ನಾನು ಬರೆದುಕೊಂಡೆ.
ಹದಿನೇಳು ಹೆಸರು.
ಐದು ಎಂದೋ ಬಾಗಿಲು ಹಾಕಿದ್ದವು,
ಒಂದು ಬರೀ ಸಾಬೂನಿನ ಕಂಪನಿ.

ನಾವು ಎಂಬಿಟಾದಲ್ಲಿ ಒಮೆನಾ ಒಣಗಿಸುವ ಹೆಂಗಸರು.
ಬೆರಳುದ್ದದ ಬೆಳ್ಳಿ ಮೀನು;
ಮರಳ ಮೇಲೆ ಹಳೇ ಬಲೆ ಹಾಸಿ ಹರವುತ್ತೇವೆ.
ಮಳೆ ಬಂತೋ, ಸಂಜೆಯೊಳಗೆ ಅದು
ಮನುಷ್ಯರ ತಟ್ಟೆಯಿಂದ ಕೋಳಿಯ ಮೇವಿಗೆ ಇಳಿಯುತ್ತದೆ.
ಬೇಕಾದದ್ದು ಇಷ್ಟೇ:
ಸೊಂಟದೆತ್ತರದ ಅಟ್ಟಣಿಗೆ, ಮೇಲೊಂದು ಹೊದಿಕೆ.

ಮೊದಲ ಅರ್ಜಿಯಲ್ಲಿ ಅತ್ತೆವು.
ಎರಡು ಪುಟ ಕಣ್ಣೀರು, ಕೊನೆಗೆ ಆಶೀರ್ವಾದ.
ಉತ್ತರವಿಲ್ಲ.
ಎರಡನೆಯದರಲ್ಲಿ ಜಂಬ:
ಹನ್ನೆರಡು ಅಟ್ಟಣಿಗೆಯಿಂದ
ಮೂರು ಕೌಂಟಿಗಳ ಹಸಿವು ನೀಗಿಸುತ್ತೇವೆಂದೆವು.
ಉತ್ತರ ಬಂತು, ವಿಷಾದಿಸುತ್ತೇವೆ ಎಂದು.
ಪ್ಲಿಸ್ಟರ್ ಆ ಕಾಗದವನ್ನು ಮಡಿಚಿ
ಸೆರಗಿನ ಗಂಟಿಗೆ ಕಟ್ಟಿಕೊಂಡಳು:
‘ನಮ್ಮ ಹೆಸರನ್ನಂತೂ ತಪ್ಪಿಲ್ಲದೆ ಬರೆದಿದ್ದಾರೆ, ನೋಡು.’

ಆಮೇಲೆ ಸಿಕ್ಕವರು ಒಂಡಿಟಿ ಮೇಷ್ಟ್ರು,
ಗಣಿತ, ನಿವೃತ್ತ,
ಕೆಂಪು ಪೆನ್ನು ಇನ್ನೂ ಜೇಬಲ್ಲೇ.
‘ಬಹಳ’ ಎಂದಲ್ಲೆಲ್ಲ ಗೆರೆ ಹೊಡೆದು
ಪಕ್ಕದಲ್ಲಿ ಬರೆದರು: ಎಷ್ಟು?
ಮೀನು ಹಾಳಾಗುತ್ತದೆ. ಎಷ್ಟು?
ಅನೇಕ ಹೆಂಗಸರು. ಎಷ್ಟು?
‘ಕಷ್ಟ’ ಎಂಬಲ್ಲಿ ಪೆನ್ನು ಒಂದು ಗಳಿಗೆ ನಿಂತಿತು,
ಆಮೇಲೆ ಅದಕ್ಕೂ.

ಅರವತ್ತು ದಿನ ಎಣಿಸಬೇಕಿತ್ತು.
ಮಗಳ ಕಾಪಿ ಪುಸ್ತಕ, ಅಳತೆಗೆ ಗೊರೊಗೊರೊ ಡಬ್ಬಿ.
ಯುನಿಯಾ, ನಾಚಿಕೆಗೆ,
ತನ್ನ ನಷ್ಟದಲ್ಲಿ ದಿನಕ್ಕೆರಡು ಡಬ್ಬಿ ಮುಚ್ಚಿಡುತ್ತಿದ್ದಳು.
ಗೊತ್ತಾದದ್ದು ನಲವತ್ತನೇ ದಿನ.
ಮತ್ತೆ ಒಂದರಿಂದ.
ಕೊನೆಗೆ ಮೇಷ್ಟ್ರು ಕೂಡಿ, ಭಾಗಿಸಿ, ಕನ್ನಡಕ ತೆಗೆದರು:
ನೂರಕ್ಕೆ ಮೂವತ್ತೊಂದು.
ನಮ್ಮ ಹೊರೆ, ಇಷ್ಟು ವರ್ಷ ತಲೆಯ ಮೇಲೆ ಹೊತ್ತದ್ದು,
ತೂಗಿದ್ದು ಅದೇ ಮೊದಲು.
ಅಂದು ಯಾರೂ ಹಾಡು ಹೇಳದೆ ಬಲೆ ಮಡಿಚಿದೆವು.

ಅರ್ಜಿಯ ನಮೂನೆಯಲ್ಲಿ ವರ್ಷಕ್ಕೆ ನಾಲ್ಕು ಚೌಕ,
ಒಂದೊಂದರಲ್ಲಿ ಮೂರು ತಿಂಗಳು.
ನಮ್ಮ ಸರೋವರಕ್ಕೆ ಆ ಚೌಕ ಗೊತ್ತಿಲ್ಲ.
ಕತ್ತಲಲ್ಲಿ ದೀಪ ತೇಲಿಬಿಟ್ಟರೆ ಒಮೆನಾ ಬರುತ್ತದೆ,
ಬೆಳದಿಂಗಳಿಗೆ ದೋಣಿ ಇಳಿಯುವುದಿಲ್ಲ.
‘ಅಪಾಯಗಳೇನು?’ ಎಂಬಲ್ಲಿ ನಾನು,
ಜೆಟ್ಟಿಯ ಪಕ್ಕದ ಸೈಬರ್ ಅಂಗಡಿಯಲ್ಲಿ,
ಪುಟಕ್ಕೆ ಇಪ್ಪತ್ತು ಶಿಲಿಂಗ್ ತೆತ್ತು
ಜಾಣತನದಿಂದ ‘ಏನೂ ಇಲ್ಲ’ ಎಂದು ಒತ್ತಿದ್ದೆ.
ಮೇಷ್ಟ್ರು ನಕ್ಕರು:
‘ಅಪಾಯವೇ ಇಲ್ಲದವರಿಗೆ ಯಾಕಮ್ಮ ದುಡ್ಡು?’
ಅಳಿಸಿದೆ. ಪ್ಲಿಸ್ಟರ್ ಹೇಳುತ್ತ ಹೋದಳು:
ಮಳೆ. ಗೆದ್ದಲು. ಮರದ ಕಂಬ ಕದಿಯುವ ನನ್ನ ಮೈದುನ.
(ಮೈದುನನನ್ನು ಬಿಟ್ಟೆ.)
ಹುಣ್ಣಿಮೆಯ ಆಸುಪಾಸು, ಎಂಟು ದಿನ, ಆದಾಯವಿಲ್ಲ.

ಕೇಳಿದ್ದು ಹನ್ನೆರಡು, ಬಂದದ್ದು ಏಳಕ್ಕೆ.
ಫೋನಿನ ಆ ಕಡೆಯ ಹುಡುಗಿ ಕೇಳಿದ್ದು ಒಂದೇ:
‘ಆ ಹುಣ್ಣಿಮೆಯ ಸಾಲು, ಅದು ನಿಜವಾ?’
ಕೆಲಸ ನೋಡಲು ಅವಳು ಬಂದದ್ದೂ ಹುಣ್ಣಿಮೆಗೇ.
ತೋರಿಸಲು ಒಂದು ಮೀನಿರಲಿಲ್ಲ.
ಖಾಲಿ ಅಟ್ಟಣಿಗೆಯ ನೆರಳಲ್ಲಿ ಕೂತು ಚಹಾ ಕುಡಿದು
ಏನೋ ಬರೆದುಕೊಂಡು ಹೋದಳು.

ಫಲಕಕ್ಕೆ ದುಡ್ಡು ಹಾಕುವುದನ್ನು ಮರೆತಿದ್ದೆವು.
ಕರಾರಿನಲ್ಲಿತ್ತು: ಫಲಕ ಕಡ್ಡಾಯ.
ತಲೆಗಿಷ್ಟೆಂದು ಚಂದಾ ಎತ್ತಿ ಬರೆಸಿದೆವು,
ಬಣ್ಣದವನು ಒಂದು ಅಕ್ಷರ ನುಂಗಿದ.

ಮೊನ್ನೆ ಯಾವುದೋ ದಂಡೆಯವಳು,
ಬೆನ್ನಿಗೆ ಮಗು,
ಆ ಫಲಕದೆದುರು ನಿಂತು
ತಪ್ಪಕ್ಷರ ಸಮೇತ ಹೆಸರನ್ನು
ಅಂಗೈಗೆ ಬರೆದುಕೊಳ್ಳುತ್ತಿದ್ದಳು.
ಕರೆದು ಕೂರಿಸಿದೆವು.
ಪ್ಲಿಸ್ಟರ್ ಒಳಗಿಂದ ಒಂದು ಖಾಲಿ ಕಾಪಿ ಪುಸ್ತಕ ತಂದು
ಅವಳ ಮಡಿಲಲ್ಲಿಟ್ಟು ಕೇಳಿದಳು:
‘ನಿಮ್ಮಲ್ಲಿ ಹಾಳಾಗುತ್ತಾ?’

‘ಬಹಳ’ ಎಂದಳು ಆಕೆ.