ನಾಲ್ಕು ಐದರ ನಡುವೆ

ಹಾಲೋಜಿರಾವ್, ನಲವತ್ತೊಂದು ವರ್ಷ,
ಗ್ಯಾಸ್ ಸಿಲಿಂಡರ್ ಡೆಲಿವರಿ, ಗೋಪಾಳದಿಂದ ವಿನೋಬನಗರದವರೆಗೆ —
ಚೀಟಿಯಲ್ಲಿ ಇಷ್ಟು ಬರೆದುಕೊಂಡು
ಶಾಹೀನಾ ಮೇಡಂ ಆ ಕರಿ ಹಾಳೆಯನ್ನು
ಕಿಟಕಿಯ ಬೆಳಕಿಗೆ ಹಿಡಿದರು.

ನನ್ನ ಬೆನ್ನನ್ನು ನಾನೇ ನೋಡಿದ್ದು ಅದೇ ಮೊದಲು.
ಒಂದರ ಮೇಲೊಂದು ಕೂತ ಬೂದು ಇಟ್ಟಿಗೆ,
ನಡುನಡುವೆ ಬಿಳಿ ಮೆತ್ತೆ.
ಕೆಳಗಿನದೊಂದು ಮಾತ್ರ ಕಪ್ಪಿಟ್ಟು,
ಅದುಮಿದ ಬನ್ನಿನ ಜಾಮಿನಂತೆ
ಹಿಂದಕ್ಕೆ ಒಸರಿ ನಿಂತಿತ್ತು.
'ನಾಲ್ಕು ಐದರ ನಡುವೆ' ಅಂದರು.

ನಗು ಬಂತು.
ಲಿಫ್ಟಿಲ್ಲದ ನಾಲ್ಕನೇ ಮಹಡಿಗೆ
ಹೆಗಲ ಮೇಲೆ ಮೂವತ್ತು ಕೆಜಿ ಹೊತ್ತವನು ಮೇಡಂ,
ಐದನೆಯದು ಕಟ್ಟಿಸಿದ್ದರೆ ಅದನ್ನೂ ಹತ್ತುತ್ತಿದ್ದೆ.
ಅವರೂ ನಕ್ಕರು:
ಈ ಕಟ್ಟಡದಲ್ಲಿ ಮಹಡಿ ಎಣಿಸುವುದು
ಮೇಲಿನಿಂದ ಕೆಳಕ್ಕೆ, ರಾಯರೇ.

ನೋವೂ ಹಾಗೇ ಇಳಿದದ್ದು.
ಭೂಮಿ ಹುಣ್ಣಿಮೆಯ ಮುನ್ನಾದಿನ, ಎಲ್ಲರಿಗೂ ಅವಸರ,
ಇಪ್ಪತ್ತಾರನೆಯದನ್ನು ಎತ್ತುವಾಗ ಸೊಂಟದಲ್ಲಿ ಏನೋ ಚಳಕ್ ಅಂತು.
ರಾತ್ರಿ ಕುಂಡೆಗೆ. ಮರುವಾರ ತೊಡೆಗೆ.
ದೀಪಾವಳಿಗೆ ಮೀನಖಂಡ.
ಕಡೆಗೆ ಹೆಬ್ಬೆರಳಿಗೆ ಬಂದು ಬಾಗಿಲು ಹಾಕಿಕೊಂಡಿತು —
ಇರುವೆ ಹತ್ತಿದರೂ ತಿಳಿಯದು.

ಎಣ್ಣೆ ಕೇಳಿದೆ, ಸೂಜಿ ಕೇಳಿದೆ.
ಚಾಪೆ ತೋರಿಸಿದರು.
ಬೋರಲು ಮಲಗಿ. ಅಂಗೈ ಊರಿ.
ಸೊಂಟವನ್ನು ನೆಲಕ್ಕೇ ಬಿಟ್ಟು ಎದೆ ಎತ್ತಿ,
ಕೇರೆಹಾವು ಬೇಲಿಯಾಚೆ ಇಣುಕಿದ ಹಾಗೆ. ಇಳಿಸಿ. ಹತ್ತು ಸಲ.
ಮತ್ತೆ ಎರಡು ಗಂಟೆ ಬಿಟ್ಟು ಹತ್ತು.
'ಕಾಲಿನ ನೋವು ಮೇಲೆ ಹತ್ತಿ
ಸೊಂಟದಲ್ಲಿ ಜಾಸ್ತಿಯಾದರೆ ಹೆದರಬೇಡಿ,
ಬಂದ ದಾರಿಯಲ್ಲೇ ಮರಳುತ್ತಿದೆ ಅಂತ ಲೆಕ್ಕ.
ಕೆಳಗಿಳಿದರೆ ಮಾತ್ರ ನಿಲ್ಲಿಸಿ, ಫೋನ್ ಮಾಡಿ.'

ತುಂಗಾನಗರದ ಒಂದೇ ಕೋಣೆ ಮನೆ.
ಸುಲೋಚನಾ ರೊಟ್ಟಿ ಬಡಿಯುತ್ತ ನನ್ನನ್ನು ದಾಟಿ ಓಡಾಡುತ್ತಾಳೆ.
ಎಣಿಸುವ ಕೆಲಸ ಮಗಳದು,
ಆರು ಆದಮೇಲೆ ಮತ್ತೆ ಆರು ಅನ್ನುತ್ತಾಳೆ ಕಳ್ಳಿ.
ನೆಲದಿಂದ ನೋಡಿದರೆ ಮನೆಯೇ ಬೇರೆ:
ಮಂಚದಡಿ ಒಂಟಿ ಕಾಲುಚೀಲ,
ಒಲೆಕಟ್ಟೆಯ ಕೆಳಗೆ ತುಕ್ಕಿನದೊಂದು ಉಂಗುರ,
ಸಿಲಿಂಡರ್ ಕೂತು ಕೂತು ಬಿಟ್ಟ ಗುರುತು.
ಊರಿನ ಎಷ್ಟು ಅಡುಗೆಮನೆಗಳಲ್ಲಿ
ಈ ಉಂಗುರ ಇಟ್ಟುಬಂದೆನೋ,
ಒಂದನ್ನೂ ನೋಡಿರಲಿಲ್ಲ.

ಎರಡನೇ ವಾರ ಮಂಡಿಯೂರಿಸಿದರು.
ಬಲಗೈ ಮುಂದೆ, ಎಡಗಾಲು ಹಿಂದೆ.
ಬೆನ್ನ ಮೇಲೆ ತುಂಬಿದ ಚಹಾ ಲೋಟ ಇದೆ ಅಂದುಕೊಳ್ಳಿ,
ಚೆಲ್ಲಬಾರದು.
ಮೂವತ್ತು ಕೆಜಿಗೆ ಜಗ್ಗದ ಬೆನ್ನು
ಇಲ್ಲದ ಲೋಟಕ್ಕೆ ಗಡಗಡ ನಡುಗಿತು.
ಹೊರುವುದು ಗೊತ್ತಿತ್ತು ಇದಕ್ಕೆ.
ಸುಮ್ಮನೆ ನಿಲ್ಲುವುದನ್ನು ಯಾರೂ ಕಲಿಸಿರಲಿಲ್ಲ.

ಏಜೆನ್ಸಿಯವರು ಕೇಳಿದರು, ಯಾವಾಗ ಬರ್ತೀಯ?
ಮೀನಖಂಡದ ತನಕ ಬಂದಿದೆ ಸಾರ್ ಅಂದೆ.
ಅವರಿಗೆ ಅರ್ಥವಾಗಲಿಲ್ಲ.
ಆಮೇಲೆ ತೊಡೆ.
ತೊಡೆಯಲ್ಲಿ ಎಂಟು ದಿನ ಕೂತಿತು,
ಮೆಟ್ಟಿಲ ತಿರುವಿನಲ್ಲಿ ಉಸಿರು ಬಿಡುವ ಹೊಸ ಹುಡುಗನ ಹಾಗೆ.
ಬೈದೆ. ಒಂದು ದಿನ ಚಾಪೆಯನ್ನೇ ಒದ್ದೆ.
ಒದ್ದದ್ದಕ್ಕೆ ಒಂದು ಮಹಡಿ ಕೆಳಗಿಳಿಯಿತು.

ಇವತ್ತು ನಸುಕಿನಲ್ಲಿ ಎದ್ದು
ಕಾಲು ಕೆಳಗಿಟ್ಟರೆ
ಕೆಂಪು ಗಾರೆಯ ನೆಲ ತಣ್ಣಗೆ.
ಹೆಬ್ಬೆರಳಿಗೂ ತಣ್ಣಗೆ!
ನೋವೆಲ್ಲ ಒಂದು ರೂಪಾಯಿ ನಾಣ್ಯದಷ್ಟಾಗಿ
ಬೆನ್ನ ನಡುವೆ, ತನ್ನ ಜಾಗದಲ್ಲಿ.

'ಏಯ್, ಸೊಂಟ ನೋಯ್ತಾ ಇದೆ ಕಣೇ' ಎಂದು ಕೂಗಿದೆ,
ಪರೀಕ್ಷೆ ಪಾಸಾದ ಹುಡುಗನ ಹಾಗೆ.
ಅವಳು ಬಾಗಿಲ ಸಂದಿಯಿಂದ ನೋಡಿ,
ಬುದ್ಧಿ ನೆಟ್ಟಗಿದೆಯೋ ಇಲ್ಲವೋ ಅಳೆದು,
'ಹಂಗಾದ್ರೆ ಮಲ್ಕೋ, ಇನ್ನೂ ಹತ್ತು ಬಾಕಿ' ಅಂದಳು.
ಮಲಗಿದೆ.
ಮಗಳಿಗೆ ಎಚ್ಚರವಿಲ್ಲ, ಎಣಿಕೆ ನನ್ನದೇ:
ಐದು, ಆರು,
ಆರು.