ಕಾವಿಗೊಂದು ಕಾವು

ಗುದ್ದಲಿಗೆ, ಕೊಡಲಿಗೆ, ಪಿಕಾಸಿಗೆ, ಸನಿಕೆಗೆ
ಕಾವು ಹಾಕಿದವನು ನಾನು, ಮೂವತ್ತೊಂದು ವರ್ಷ,
ಹಾಸನದ ಕಟ್ಟಿನಕೆರೆ ಮಾರ್ಕೆಟ್ಟಿನ ಹಿಂದೆ.
ಟೀ ಪಾತ್ರೆಗೆ ಹಾಕಿರಲಿಲ್ಲ.

ಬಸ್ ಡಿಪೋ ಮುಂದಿನ ಜವರಮ್ಮ ತಂದಿಟ್ಟಳು.
ಕರಿ ಬೇಕಲೈಟು ಸೀದು, ಸೀಳಿ, ಉದುರಿ
ಉಳಿದದ್ದು ಎರಡು ಬೆರಳುದ್ದದ ಕಬ್ಬಿಣದ ಪಟ್ಟಿ.
"ಬಟ್ಟೆ ಸುತ್ಕಂಡು ಹಿಡ್ದೆ, ಬಟ್ಟೆಗೇ ಬೆಂಕಿ ಹತ್ಕಂತು.
ಇಕ್ಕಳ ಹಾಕ್ದೆ, ಮೈಸೂರು ಬಸ್ಸಿನ ಕಂಡಕ್ಟರ್ ಮೇಲೆ
ಅರ್ಧ ಲೀಟರು ಹಾಲು.
ನಿಂದು ಕಾವು ಹಾಕೋ ಕಸುಬಲ್ವಾ?
ನಂಗೆ ಕಾವು ತಡೆಯೋ ಕಾವು ಬೇಕು"
ಅಂದು ತಾನೇ ನಕ್ಕಳು.

ಅಳತೆ ಕೊಡು ಅಂದೆ.
ಬುತ್ತಿಯಿಂದ ಒಂದು ತುಂಡು ಮುದ್ದೆ ಮುರಿದು
ಮುಷ್ಟಿಯಲ್ಲಿ ಹಿಸುಕಿ, ಹಲಗೆಯ ಮೇಲಿಟ್ಟು ಹೋದಳು.
ನಾಲ್ಕು ಬೆರಳಿನ ಕಣಿವೆ, ಒಂದರಲ್ಲಿ ಉಂಗುರದ ಗೆರೆ.
ಕಿರುಬೆರಳು ಪೂರಾ ಮಡಿಚಿಲ್ಲ. ಯಾಕೆಂದು ಕೇಳಲಿಲ್ಲ.

ಮರ, ಸಕಲೇಶಪುರದ ಸೌದೆ ಲಾರಿಯಲ್ಲಿ ಬಂದ
ಮುದಿ ಕಾಫಿ ಬುಡ. ಉಳಿ ಎರಡು ಸಲ ಮೊಂಡಾಯಿತು.
ಕಾದ ಸಲಾಕೆಯಿಂದ ತೂತು ಕೊರೆವಾಗ
ಕಾಫಿಯ ಘಮ ಬಂದೀತು ಅಂದುಕೊಂಡೆ.
ಬಂದದ್ದು ಬರೀ ಹೊಗೆ.

ಮರ ಸುಡುವುದಿಲ್ಲ, ಸುಡುವುದು ಬೋಲ್ಟು.
ಒಲೆಯ ಚಾಡಿಯನ್ನು ಕೈಗೆ ಮುಟ್ಟಿಸುವುದು ಅದೇ.
ಅದಕ್ಕೇ ಪಾತ್ರೆಯ ಮೈಗೂ ಮರಕ್ಕೂ ನಡುವೆ
ಬೆರಳ ದಪ್ಪ ಗಾಳಿ ಬಿಟ್ಟೆ,
ಬೋಲ್ಟಿನ ತಲೆ ಮರದೊಳಗೆ ಮುಳುಗಿಸಿ
ಮೇಲೊಂದು ಬಿರಡೆ ಜಡಿದೆ.
ಮೂರು ದಿನ ಹರಳೆಣ್ಣೆ ಕುಡಿಸಿದೆ.

ಆಮೇಲೆ ನೋಡಿದೆ:
ಮುದ್ದೆ ಇಟ್ಟ ರಾತ್ರಿಯೇ ಇಲಿ ಬಂದು
ಹೆಬ್ಬೆರಳ ಮಗ್ಗುಲಲ್ಲಿ ಒಂದು ಬಾಯಿ ಕಚ್ಚಿ ಹೋಗಿದೆ.
ನನ್ನ ಕನ್ನಡಕಕ್ಕೂ ವಯಸ್ಸಾಯಿತು,
ಕಚ್ಚಿದ್ದನ್ನೂ ಅಳತೆಯೆಂದೇ ಕೆತ್ತಿಬಿಟ್ಟಿದ್ದೆ.

ಒಪ್ಪಿಸುವಾಗ ಹೇಳಲಿಲ್ಲ.
ಬೆಳಗಿನ ನಾಲ್ಕೂವರೆ,
ಅರಕಲಗೂಡಿನ ಮೊದಲ ಬಸ್ಸು ಇನ್ನೂ ಕೆಮ್ಮುತ್ತಿತ್ತು.
ಜವರಮ್ಮ ಹಾಲು ಉಕ್ಕುವ ತನಕ ಕಾದು,
ಬರಿಗೈಲಿ ಹಿಡಿದು, ಎತ್ತಿ, ಬಗ್ಗಿಸಿ,
ಏಳು ಗ್ಲಾಸು ತುಂಬಿದಳು. ಆದರೂ ಕೆಳಗಿಡಲಿಲ್ಲ.
ತಿರುಗಿಸಿ ತಿರುಗಿಸಿ ನೋಡಿದಳು.
"ಹೆಬ್ಬೆಟ್ಟು ಕೂರಕ್ಕೆ ಇಲ್ಲೊಂದು ಗುಳಿ ಮಾಡಿದ್ದೀಯಲ್ಲ,
ಅಳತೇಲಿ ಕೊಟ್ಟಿರ್ಲಿಲ್ಲ ನಾನು.
ಹೆಂಗೆ ಗೊತ್ತಾಯ್ತು ನಿಂಗೆ?"

ಎಂಟನೆಯ ಗ್ಲಾಸು ನನ್ನದು.
ಅವಳು ಕಾಸು ತಗೊಳ್ಳಲಿಲ್ಲ,
ನಾನು ಇಲಿಯ ಹೆಸರೆತ್ತಲಿಲ್ಲ.
ಗ್ಲಾಸಿಗೆ ಕಾವಿಲ್ಲ, ಕೈ ಸುಡುತ್ತಿತ್ತು.
ಅಂಗಿಯ ತುದಿಯಲ್ಲಿ ಹಿಡಿದು ಕುಡಿದೆ.